ಬಟ್ಟೆಯ ಮೇಲೆ ಸುತ್ತುವ ಗೋಲಿ: ಒಂದು ಗುರುತ್ವ ಕಿಟ್‌ನ ವಿಮರ್ಶೆ

ಬದಿಯಡ್ಕದ ಸಮೀಪ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಗುರುತ್ವಾಕರ್ಷಣೆಯ ಪಾಠಕ್ಕೆಂದು ಶಾಲೆಯ ವಿಜ್ಞಾನ ಸಂಘದ ಹಣದಿಂದ 1,850 ರೂಪಾಯಿ ಕೊಟ್ಟು ಆನ್‌ಲೈನಿನಲ್ಲಿ ಒಂದು ಕಿಟ್ ತರಿಸಿದೆ. 90 ಸೆಂಟಿಮೀಟರ್ ವ್ಯಾಸದ ಕಬ್ಬಿಣದ ಬಳೆ, ಅದಕ್ಕೆ ಬಿಗಿಯುವ, ಎಳೆದರೆ ಹಿಗ್ಗುವ ಲೈಕ್ರಾ ಬಟ್ಟೆ, ಒಂದು ಕಿಲೋ ತೂಕದ ಉಕ್ಕಿನ ಗುಂಡು, ಹತ್ತು ಗಾಜಿನ ಗೋಲಿಗಳು, ದೀರ್ಘವೃತ್ತ ಎಳೆಯಲು ಒಂದು ಹಲಗೆ, ಜೊತೆಗೊಂದು ಕೈಪಿಡಿ. ಕೈಪಿಡಿ ಇಂಗ್ಲಿಷ್ ಮತ್ತು ಮಲಯಾಳದಲ್ಲಿ ಮಾತ್ರ ಇದೆ. ಕಾಸರಗೋಡಿನಲ್ಲಿ ಕನ್ನಡ ಕಲಿಸುವವರಿಗೆ ಇದು ಹೊಸ ಅನುಭವವೇನಲ್ಲ. ಎರಡು ಪುಟದ ಕನ್ನಡ ಸೂಚನೆಯನ್ನು ನಾನೇ ಬರೆದು ಅಂಟಿಸಿದೆ.

ಕಿಟ್‌ನ ಬೆಲೆ ವಸೂಲಾಗುವುದು ಮೊದಲ ಹತ್ತು ನಿಮಿಷದಲ್ಲಿ. ಗುಂಡನ್ನು ನಡುವಿನಲ್ಲಿಟ್ಟು, ಬಟ್ಟೆ ಕುಳಿಯಾಗಿ ಜಗ್ಗಿದ ಮೇಲೆ, ಅಂಚಿನಿಂದ ಗೋಲಿಯನ್ನು ಸುಮ್ಮನೆ ಬಿಟ್ಟರೆ ಅದು ನೇರವಾಗಿ ಗುಂಡಿಗೆ ಹೋಗಿ ಬಡಿಯುತ್ತದೆ. ಅದೇ ಗೋಲಿಯನ್ನು ಬೆರಳಿನಿಂದ ಪಕ್ಕಕ್ಕೆ ಚಿಮ್ಮಿಸಿದರೆ ಸುತ್ತತೊಡಗುತ್ತದೆ. ಕಕ್ಷೆಯಲ್ಲಿರುವ ವಸ್ತು ಬೀಳದೆ ನಿಂತಿರುವುದಲ್ಲ, ಸದಾ ಬೀಳುತ್ತಲೇ ಪಕ್ಕಕ್ಕೆ ಸರಿಯುತ್ತಿರುವುದು ಎಂಬ ಮಾತನ್ನು ತರಗತಿಯ ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ಮಕ್ಕಳಿಗೆ ಹತ್ತುವುದಿಲ್ಲ. ಇಲ್ಲಿ ಹತ್ತಿತು. ಅಡಿಕೆ ಮರದಿಂದ ಉದುರಿದ ಹಣ್ಣು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿರುವ ಚಂದ್ರನ ಮೇಲೆ ಸೆಳೆತ 60ರ ವರ್ಗದಷ್ಟು, ಅಂದರೆ 3,600 ಪಟ್ಟು ಕಡಿಮೆ, ಆದ್ದರಿಂದ ಅದು ಅದೇ ಒಂದು ಸೆಕೆಂಡಿನಲ್ಲಿ 1.4 ಮಿಲಿಮೀಟರಿನಷ್ಟು ಮಾತ್ರ ನಮ್ಮ ಕಡೆಗೆ ಬೀಳುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮದ ತಿರುಳು ಈ ಹೋಲಿಕೆಯಲ್ಲೇ ಇದೆ, ಮತ್ತು ಬಟ್ಟೆಯನ್ನು ಕಣ್ಣೆದುರು ಇಟ್ಟುಕೊಂಡು ಹೇಳಿದಾಗ ಅದು ಬೇಗ ತಲೆಗೆ ಹೋಗುತ್ತದೆ.

ತೊಂದರೆ ಶುರುವಾಗುವುದು ಅಳೆಯಲು ಹೊರಟಾಗ. ಗ್ರಹಗಳ ಚಲನೆಯ ಬಗ್ಗೆ ಖಗೋಳಶಾಸ್ತ್ರಜ್ಞ ಕೆಪ್ಲರ್ ಕೊಟ್ಟ ಮೂರೂ ನಿಯಮಗಳನ್ನು ಈ ಬಟ್ಟೆಯ ಮೇಲೆ ‘ಸಾಬೀತುಪಡಿಸಬಹುದು’ ಎಂದು ಕೈಪಿಡಿ ಹೇಳುತ್ತದೆ. 1619ರಲ್ಲಿ ಕೆಪ್ಲರ್ ಪ್ರಕಟಿಸಿದ ಮೂರನೆಯ ನಿಯಮದಂತೆ ಸುತ್ತಿನ ಅವಧಿಯ ವರ್ಗವು ದೂರದ ಘನಕ್ಕೆ ಅನುಪಾತದಲ್ಲಿರುತ್ತದೆ. ದೂರ ಇಮ್ಮಡಿಯಾದರೆ ಅವಧಿ 2.8 ಪಟ್ಟಾಗಬೇಕು. ನಾವು ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೋ ತೆಗೆದು ನೋಡಿದಾಗ ಗುಂಡಿನ ಕೇಂದ್ರದಿಂದ 10 ಸೆಂಟಿಮೀಟರ್ ದೂರದಲ್ಲಿ ಒಂದು ಸುತ್ತಿಗೆ ಸುಮಾರು 1.4 ಸೆಕೆಂಡ್, 20 ಸೆಂಟಿಮೀಟರ್ ದೂರದಲ್ಲಿ ಸುಮಾರು 2.5 ಸೆಕೆಂಡ್ ಬಂತು. ಕೆಪ್ಲರನ ಪ್ರಕಾರ ಎರಡನೆಯದು 4 ಸೆಕೆಂಡಿನ ಹತ್ತಿರ ಇರಬೇಕಿತ್ತು. ಸೂರ್ಯನಿಂದ ಭೂಮಿಗಿರುವ ದೂರದ 5.2 ಪಟ್ಟು ದೂರದಲ್ಲಿರುವ ಗುರುಗ್ರಹ ಒಂದು ಸುತ್ತಿಗೆ ಸುಮಾರು 11.9 ವರ್ಷ ತೆಗೆದುಕೊಳ್ಳುತ್ತದೆ. ಈ ಬಟ್ಟೆಯ ಲೆಕ್ಕ ಹಿಡಿದರೆ ಅದಕ್ಕೆ ನಾಲ್ಕೇ ವರ್ಷ ಸಾಕು. ಕಾರಣ ಸರಳ: ಆಕಾಶದಲ್ಲಿ ದೂರ ಇಮ್ಮಡಿಯಾದಾಗ ಸೆಳೆತ ಕಾಲು ಭಾಗಕ್ಕೆ ಇಳಿಯುತ್ತದೆ, ಬಟ್ಟೆಯ ಇಳಿಜಾರು ಅಷ್ಟು ಬೇಗ ತಗ್ಗುವುದಿಲ್ಲ, ನಮ್ಮ ಅಳತೆಯಲ್ಲಿ ಅದು ಅರ್ಧಕ್ಕೂ ಇಳಿಯಲಿಲ್ಲ. ಜೊತೆಗೆ ಘರ್ಷಣೆಯೂ ಇರುವುದರಿಂದ ಗೋಲಿ ಕೆಲವೇ ಸುತ್ತುಗಳಲ್ಲಿ ಸುರುಳಿಯಾಗಿ ಒಳಗೆ ಇಳಿದುಬಿಡುತ್ತದೆ. ಗ್ರಹಗಳೂ ಹೀಗೆಯೇ ಒಂದು ದಿನ ಸೂರ್ಯನೊಳಗೆ ಬೀಳುತ್ತವೆಯೇ ಎಂದು ಒಬ್ಬ ಹುಡುಗಿ ಕೇಳಿದಳು. ಅಲ್ಲಿ ತಡೆಯಲು ಬಟ್ಟೆಯಿಲ್ಲ ಎಂಬ ಉತ್ತರ ಅವಳಿಗೆ ಸಾಕಾಯಿತು. ಇದನ್ನು ಕಿಟ್‌ನ ದೋಷವೆನ್ನಲಾರೆ, ದೋಷ ಕೈಪಿಡಿಯ ಹೇಳಿಕೆಯದು. ಅಳತೆ ತಪ್ಪಿದ್ದೇ ನಮಗೆ ಒಂದು ಪೂರ್ತಿ ಪೀರಿಯಡ್ಡಿನ ಪಾಠವಾಯಿತು.

ಅದೇ ಕೈಪಿಡಿ ‘ಅಂತರಿಕ್ಷದಲ್ಲಿ ಗುರುತ್ವವಿಲ್ಲ, ಆದ್ದರಿಂದ ಗಗನಯಾತ್ರಿಗಳು ತೇಲುತ್ತಾರೆ’ ಎಂದೂ ಬರೆದಿದೆ. ಇದನ್ನು ಮಾತ್ರ ಕ್ಷಮಿಸಲಾಗದು. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗುರುತ್ವವು ನೆಲದ ಮೇಲಿರುವುದರ 89 ಶೇಕಡಾದಷ್ಟು ಇದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಬೀಳುತ್ತಿರುವುದರಿಂದ ಅವರು ತೇಲಿದಂತೆ ಕಾಣುತ್ತಾರೆ. ಆ ಪುಟದ ಮೇಲೆ ನಾನು ಕಾಗದ ಅಂಟಿಸಿದ್ದೇನೆ.

ದೀರ್ಘವೃತ್ತದ ಹಲಗೆಯಲ್ಲಿ ಎರಡು ನಾಭಿಗಳಿಗಾಗಿ (ದಾರ ಸುತ್ತುವ ಎರಡು ಬಿಂದುಗಳು, ಗ್ರಹದ ಕಕ್ಷೆಯಲ್ಲಾದರೆ ಅವುಗಳಲ್ಲೊಂದು ಸೂರ್ಯನ ಜಾಗ) ಕೊರೆದ ತೂತುಗಳು 12 ಸೆಂಟಿಮೀಟರ್ ದೂರದಲ್ಲಿವೆ. ದಾರ ಸುತ್ತಿ ಪೆನ್ಸಿಲ್ ಎಳೆದರೆ ಬರುವ ಮೊಟ್ಟೆಯಾಕಾರವೇ ಭೂಮಿಯ ದಾರಿ ಎಂದು ಮಕ್ಕಳು ನಂಬಿಬಿಡುತ್ತಾರೆ. ಅದನ್ನು ಬಿಟ್ಟು ಡ್ರಾಯಿಂಗ್ ಕಾಗದದ ಮೇಲೆ 30 ಸೆಂಟಿಮೀಟರ್ ಅಗಲದ ಕಕ್ಷೆಗೆ ಎರಡು ಗುಂಡುಸೂಜಿಗಳನ್ನು 5 ಮಿಲಿಮೀಟರ್ ಅಂತರದಲ್ಲಿ ಚುಚ್ಚಿದೆವು. ಭೂಕಕ್ಷೆಯ ನಿಜವಾದ ಆಕಾರ ಅದು: ಉದ್ದಗಲಗಳ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಡಿಮೆ, ಸೂರ್ಯ ಮಾತ್ರ ಕೇಂದ್ರದಿಂದ ಎರಡೂವರೆ ಮಿಲಿಮೀಟರ್ ಪಕ್ಕಕ್ಕೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, 14.7 ಕೋಟಿ ಕಿಲೋಮೀಟರ್ ದೂರಕ್ಕೆ. ಅತಿ ದೂರ ಹೋಗುವುದು ಜುಲೈಯಲ್ಲಿ, 15.2 ಕೋಟಿಗೆ. ಜುಲೈಯಲ್ಲಿ ನಮ್ಮಲ್ಲಿ ಸೂರ್ಯನೇ ಕಾಣದಿರುವುದಕ್ಕೆ ಕಾರಣ ದೂರವಲ್ಲ, ಮಳೆಮೋಡ ಎಂದು ಹಿಂದಿನ ಬೆಂಚಿನಿಂದ ವಿವರಣೆ ಬಂತು.

ಗುಣಮಟ್ಟದ ವಿಷಯಕ್ಕೆ ಬಂದರೆ, ಉಕ್ಕಿನ ಗುಂಡು ಚೆನ್ನಾಗಿದೆ, ಬಳೆಯ ಬಣ್ಣ ತೀರಾ ತೆಳುವು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ತುಕ್ಕು ಬಟ್ಟೆಗೂ ಹತ್ತಿದೆ. ಅಂಗಡಿಯವರಿಗೆ ಎರಡು ಸಲ ಬರೆದರೂ ಉತ್ತರ ಬರಲಿಲ್ಲ. ಮತ್ತೊಮ್ಮೆ ಕೊಳ್ಳಬೇಕಾಗಿ ಬಂದರೆ ನಾನು ಪೇಟೆಯ ಬಟ್ಟೆ ಅಂಗಡಿಯಿಂದ ಎರಡು ಮೀಟರ್ ಲೈಕ್ರಾ ತಂದು, ಮಕ್ಕಳು ಸೊಂಟಕ್ಕೆ ಹಾಕಿ ತಿರುಗಿಸುವ ಪ್ಲಾಸ್ಟಿಕ್ ಬಳೆಗೆ ಕ್ಲಿಪ್ ಹಾಕಿ ಬಿಗಿದು, ನಡುವೆ ತಕ್ಕಡಿಯ ಒಂದು ಕಿಲೋ ಬಟ್ಟು ಇಡುತ್ತೇನೆ. ಗೋಲಿಗಳು ಹೇಗೂ ಮಕ್ಕಳ ಕಿಸೆಯಲ್ಲೇ ಇರುತ್ತವೆ.