ಕಾಲಿಗೆ ಕೆಲಸವೋ, ಮೂಗಿಗೆ ಕೆಲಸವೋ: ತುಂಟ ನಾಯಿಯನ್ನು ದಣಿಸುವ ದಾರಿಗಳು

ಒಂದು ನಿಮಿಷ ಸುಮ್ಮನಿರದ ನಾಯಿಯನ್ನು ಸಾಕಿದವರಿಗೆ ಬೆಂಗಳೂರಿನಲ್ಲಿ ಎಲ್ಲೆಡೆ ಸಿಗುವ ಸಲಹೆ ಒಂದೇ: “ಚೆನ್ನಾಗಿ ಓಡಿಸಿ, ಸುಸ್ತಾದರೆ ತಾನೇ ಬಿದ್ದುಕೊಳ್ಳುತ್ತದೆ.” ಪಶುವೈದ್ಯರ ಬಳಿ ಸರದಿ ಕಾಯುವವರೂ ಇದನ್ನೇ ಹೇಳುತ್ತಾರೆ, ಮೂಲೆಯ ಎಳನೀರಿನ ಗಾಡಿಯವರೂ ಇದನ್ನೇ ಹೇಳುತ್ತಾರೆ. ಈ ಸಲಹೆಯನ್ನೂ ಇದಕ್ಕೆ ಪೈಪೋಟಿ ಕೊಡುವ ಉಳಿದ ಉಪಾಯಗಳನ್ನೂ ನಮ್ಮ ಶುಂಠಿಯ ಮೇಲೆ ಪ್ರಯೋಗಿಸಿ ನೋಡಿದ್ದೇನೆ. ಶುಂಠಿ ಬೀದಿಯಿಂದ ಮನೆಗೆ ಬಂದ ನಾಡನಾಯಿ. ಎರಡು ವರ್ಷ ವಯಸ್ಸು, ಹದಿನೆಂಟು ಕಿಲೋ ತೂಕ, ಒಣಶುಂಠಿಯದೇ ಬಣ್ಣ. ನಾವಿರುವುದು ಗಿರಿನಗರದ ಒಂದು ಮನೆಯ ಮೊದಲ ಮಹಡಿಯಲ್ಲಿ. ಅಂಗಳವಿಲ್ಲ, ತಾರಸಿ ಇದೆ. ನನ್ನ ಅಳತೆಗೋಲು ಸರಳ: ಆಟವೋ ಓಡಾಟವೋ ಮುಗಿದ ಮೇಲೆ ಅವಳು ಮಲಗುತ್ತಾಳೆಯೇ, ಇಲ್ಲವೇ ಚಪ್ಪಲಿ ಗೂಡಿನ ಕಡೆಗೆ ನಡೆಯುತ್ತಾಳೆಯೇ?

ತಾರಸಿಯ ಚೆಂಡಾಟದಿಂದ ಶುರುಮಾಡುತ್ತೇನೆ. ಖರ್ಚು ಒಂದು ಟೆನಿಸ್ ಚೆಂಡು, ಸಮಯ ಕಾಲು ಗಂಟೆ. ಹಗ್ಗ ಬೇಡ, ಬೀದಿನಾಯಿಗಳ ಕಾಟವಿಲ್ಲ. ಕಚೇರಿಗೆ ಹೊರಡುವ ಅವಸರದಲ್ಲಿ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ. ಆದರೆ ಚೆಂಡಿನ ಹಿಂದೆ ಓಡಿದ ಶುಂಠಿ ದಣಿಯುವುದಿಲ್ಲ, ಕೆರಳುತ್ತಾಳೆ. ಕೆಳಗಿಳಿದು ಬಂದ ಮೇಲೂ ಅವಳ ಕಣ್ಣು ನನ್ನ ಕೈಯ ಮೇಲೆಯೇ. ನಾನು ಈರುಳ್ಳಿ ಎತ್ತಿಕೊಂಡರೂ ಅದನ್ನು ಎಸೆಯುತ್ತೇನೆಂದು ನಂಬಿ ಬಾಗಿಲಿಗೆ ಓಡಿ ನಿಲ್ಲುತ್ತಾಳೆ. ದಿನವೂ ಓಡಿಸಿದಷ್ಟೂ ಅವಳ ದಮ್ಮು ಹೆಚ್ಚಿತೇ ಹೊರತು ನಿದ್ದೆ ಹೆಚ್ಚಲಿಲ್ಲ. ಹುಡುಗನನ್ನು ದಿನಾ ಗರಡಿಮನೆಗೆ ಕಳಿಸಿ, ಮನೆಯಲ್ಲಿ ಮಾತ್ರ ಮೆತ್ತಗಿರು ಎಂದಂತಾಯಿತು ಇದು.

ತಾರಸಿಗೆ ಬೇರೆ ತಾಪತ್ರಯಗಳೂ ಇವೆ. ಬೇಸಿಗೆಯಲ್ಲಿ ಅದು ಕೆಳಮನೆಯ ಅಜ್ಜಿಯ ಸಂಡಿಗೆ ಸಾಮ್ರಾಜ್ಯ. “ಏನಪ್ಪಾ, ನಿನ್ನ ಮಗಳು ಇವತ್ತೂ ಬಂದು ಸಂಡಿಗೆಗೆ ಉಪ್ಪು ಸರಿಯಾಗಿದೆಯೇ ನೋಡಿ ಹೋದಳು” ಎಂದು ಅವರು ಮೆಟ್ಟಿಲಲ್ಲೇ ವರದಿ ಒಪ್ಪಿಸುತ್ತಾರೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಒಂಬತ್ತು ದಾಟಿದರೆ ಸಿಮೆಂಟಿನ ನೆಲ ಕಾಯತೊಡಗುತ್ತದೆ. ಅಂಗೈಯ ಹಿಂಭಾಗವನ್ನು ಏಳು ಸೆಕೆಂಡು ನೆಲಕ್ಕೆ ಒತ್ತಿ ಹಿಡಿಯಲಾಗದಿದ್ದರೆ ನಾಯಿಯ ಪಾದವನ್ನೂ ಅಲ್ಲಿ ಇಡಿಸಬಾರದು. ಗಟ್ಟಿ ನೆಲದ ಮೇಲೆ ಗಕ್ಕನೆ ನಿಂತು ತಿರುಗುವ ಓಟ ಕೀಲುಗಳಿಗೂ ಒಳ್ಳೆಯದಲ್ಲ, ಬೆಳೆಯುವ ಮರಿಗಳಿಗಂತೂ ಬೇಡವೇ ಬೇಡ.

ಇದಕ್ಕೆ ತದ್ವಿರುದ್ಧವಾದದ್ದು ಊರಾಚೆಯ ಖಾಸಗಿ ನಾಯಿ ಪಾರ್ಕು. ಬೇಲಿ ಹಾಕಿದ ಹುಲ್ಲುಹಾಸು, ನಾಯಿಗಳಿಗೆಂದೇ ಈಜುಕೊಳ, ಮಾಲೀಕರಿಗೆ ಕಾಫಿ. ಹಗ್ಗವಿಲ್ಲದೆ ನೂರಾರು ಅಡಿ ನೇರವಾಗಿ ಓಡುವ ಶುಂಠಿಯನ್ನು ನೋಡುವುದೇ ಒಂದು ಹಬ್ಬ, ಅದನ್ನು ಅಲ್ಲಗಳೆಯುವುದಿಲ್ಲ. ಈಜು ಅವಳನ್ನು ನಿಜಕ್ಕೂ ದಣಿಸುತ್ತದೆ, ಕೀಲುಗಳ ಮೇಲೆ ಭಾರವೂ ಬೀಳುವುದಿಲ್ಲ. ಆದರೆ ಹೋಗಿಬರುವ ಸಂಚಾರ ದಟ್ಟಣೆಯಲ್ಲಿ ಅರ್ಧ ದಿನ ಕಳೆಯುತ್ತದೆ, ಪ್ರವೇಶ ಶುಲ್ಕಕ್ಕೆ ಬಾಡಿಗೆ ಕಾರಿನ ಖರ್ಚು ಸೇರಿದರೆ ಒಂದು ಭಾನುವಾರಕ್ಕೆ ವಾರದ ತರಕಾರಿಯ ದುಡ್ಡು ಮುಗಿಯುತ್ತದೆ. ಗುಣವೆಲ್ಲ ನಿಂತಿರುವುದು ಅಂದು ಬಂದ ಉಳಿದ ನಾಯಿಗಳ ಸ್ವಭಾವದ ಮೇಲೆ. ತನ್ನ ಹಸ್ಕಿ ಇನ್ನೊಬ್ಬರ ಮರಿಯನ್ನು ಮೂಲೆಗೆ ಒತ್ತಿ ನಿಲ್ಲಿಸಿದಾಗ “ಆಡುತ್ತಿದ್ದಾನೆ ಅಷ್ಟೇ” ಎಂದು ಮೊಬೈಲಿನಿಂದ ತಲೆ ಎತ್ತದ ಮಾಲೀಕರು ಅಲ್ಲಿ ಒಬ್ಬರಾದರೂ ಇರುತ್ತಾರೆ. ಮಳೆಗಾಲದಲ್ಲಿ ಇಂಥ ಹುಲ್ಲಿನಿಂದ ರಕ್ತ ಹೀರುವ ಉಣ್ಣೆಹುಳ ಮನೆಗೆ ಬರುತ್ತದೆ. ಉಣ್ಣೆಜ್ವರ ಈ ಊರಿನ ನಾಯಿಗಳಲ್ಲಿ ಅಪರೂಪದ ಕಾಯಿಲೆಯೇನಲ್ಲ. ರಕ್ತದ ಪ್ಲೇಟ್‌ಲೆಟ್ ಕುಸಿದು ನಾಯಿ ಊಟ ಬಿಟ್ಟು ಮಲಗಿಬಿಡುತ್ತದೆ. ಹಾಗಾಗಿ ಮನೆಗೆ ಬಂದೊಡನೆ ಕಿವಿಯ ಒಳಮಡಿಕೆ, ಬೆರಳುಗಳ ಸಂದು, ಕೊರಳಪಟ್ಟಿಯ ಅಡಿ ತಡಕಿ ನೋಡುವುದು ನಮ್ಮಲ್ಲಿ ಕಡ್ಡಾಯ.

ನಾಯಿಯನ್ನು ವಾಕಿಂಗ್‌ಗೆ ಕರೆದೊಯ್ಯಲು ಸಂಬಳಕ್ಕೆ ಹುಡುಗರು ಸಿಗುತ್ತಾರೆ. ನಾಲ್ಕು ನಾಯಿಗಳನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಫೋನು ಹಿಡಿಯುವ ಆ ಪದ್ಧತಿಯ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ. ಊರಿಗೆ ಹೋದಾಗ ಅನಿವಾರ್ಯ, ಅಷ್ಟೇ.

ಕಬ್ಬನ್ ಪಾರ್ಕಿನ ವಿಷಯ ಬೇರೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಈ ಉದ್ಯಾನ ನಾಯಿ ಸಾಕಿದವರ ಪಾಲಿಗೆ ಊರ ಮಧ್ಯದ ಪುಣ್ಯ. ಲಾಲ್‌ಬಾಗ್‌ಗೆ ನಾಯಿಯನ್ನು ಬಿಡುವುದಿಲ್ಲ, ಬಡಾವಣೆಯ ಎಷ್ಟೋ ಪಾರ್ಕುಗಳ ಗೇಟಿನಲ್ಲೂ ‘ನಾಯಿಗಳಿಗೆ ಪ್ರವೇಶವಿಲ್ಲ’ ಎಂಬ ಫಲಕ ನೇತಾಡುತ್ತದೆ. ಇಲ್ಲಿಯೂ 2022ರಲ್ಲಿ ತೋಟಗಾರಿಕೆ ಇಲಾಖೆ ನಾಯಿಗಳನ್ನು ನಿಷೇಧಿಸಲು ಹೊರಟಿತ್ತು, ಸಾಕಿದವರ ವಿರೋಧದಿಂದ ಕೈಬಿಟ್ಟಿತು. ಹಗ್ಗ ಕಟ್ಟಿರಬೇಕು, ಹೇಲನ್ನು ನಾವೇ ಎತ್ತಬೇಕು. ಎರಡೂ ನ್ಯಾಯವಾದ ಷರತ್ತುಗಳೇ. ಎತ್ತದೆ ಆಕಾಶ ನೋಡುತ್ತಾ ಮುಂದೆ ನಡೆಯುವವರಿಂದಲೇ ಆ ನಿಷೇಧದ ಮಾತು ಎದ್ದದ್ದು ಎಂದು ನಾನು ಯಾರ ಜೊತೆಗೆ ಬೇಕಾದರೂ ವಾದಿಸಬಲ್ಲೆ.

ಭಾನುವಾರ ಒಳರಸ್ತೆಗಳಲ್ಲಿ ವಾಹನಗಳಿಲ್ಲ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗೋಡೆಗಳಾಚೆ, ಬಿದಿರುಮೆಳೆಗಳ ನೆರಳಿನಲ್ಲಿ ಶುಂಠಿಗೆ ಬೇಕಾದದ್ದೆಲ್ಲ ಇದೆ: ಅಳಿಲು, ಒಣ ಎಲೆ, ನೂರು ನಾಯಿಗಳ ಗುರುತು. ಹಗ್ಗ ಇರುವುದರಿಂದ ಅವಳು ಅಲ್ಲಿ ಓಡುವುದೇ ಇಲ್ಲ. ಒಂದೊಂದು ಮರದ ಬುಡದಲ್ಲಿ ಎರಡೆರಡು ನಿಮಿಷ ನಿಂತು ಮೂಗು ಹಾಕುತ್ತಾಳೆ. ಹಾಗಿದ್ದರೂ ಮನೆಗೆ ಬಂದು ಮಧ್ಯಾಹ್ನದವರೆಗೆ ಅಲುಗಾಡದೆ ಮಲಗುತ್ತಾಳೆ! ತಾರಸಿಯಲ್ಲಿ ನಾಲಿಗೆ ಹೊರಚಾಚುವಷ್ಟು ಓಡಿದ ದಿನ ಬಾರದ ನಿದ್ದೆ ಇಲ್ಲಿ ಅಡ್ಡಾಡಿದ ದಿನ ಬರುತ್ತದೆ. ಓಟದ ಸಲಹೆಯ ಮೇಲಿನ ನನ್ನ ನಂಬಿಕೆ ಸಡಿಲವಾದದ್ದು ಇದರಿಂದಲೇ.

ಕಾರಣ ಮೂಗಿನಲ್ಲೇ ಇದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು ಐವತ್ತು ಲಕ್ಷ ಎಂದರೆ ಬೀಗಲ್‌ನಂಥ ನಾಯಿಯಲ್ಲಿ ಇಪ್ಪತ್ತು ಕೋಟಿಗೂ ಹೆಚ್ಚು. ಮೂಸುವಾಗ ನಾಯಿ ಸೆಕೆಂಡಿಗೆ ಐದಾರು ಬಾರಿ ಗಾಳಿ ಎಳೆಯುತ್ತದೆ; ಒಳಹೋದ ಗಾಳಿಯಲ್ಲಿ ಒಂದು ಪಾಲು ಶ್ವಾಸಕೋಶಕ್ಕೆ ಹೋಗದೆ ವಾಸನೆಯ ಅರೆಗೇ ಸೇರುತ್ತದೆ. ಹೊರಬಿಡುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಇನ್ನೊಂದು ಮಾತೂ ಇದೆ. ನಾಯಿ ಮೈ ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ, ಏದುಸಿರು ಬಿಡುತ್ತಾ ಚೆನ್ನಾಗಿ ಮೂಸಲು ಅದಕ್ಕೆ ಆಗದು. ಅಂದರೆ ನಾವು ಓಡಿಸಿದಷ್ಟೂ ಅದರ ಮುಖ್ಯ ಕೆಲಸಕ್ಕೆ ಅಡ್ಡಿಯಾಗುತ್ತೇವೆ.

ಕಬ್ಬನ್ ಪಾರ್ಕಿನ ಕೊರತೆ ಒಂದೇ: ದೂರ. ಮೆಟ್ರೊದಲ್ಲಿ ಸಾಕುಪ್ರಾಣಿಗೆ ಪ್ರವೇಶವಿಲ್ಲ. ಆಟೊ ಚಾಲಕರಲ್ಲಿ ಕೆಲವರು ಶುಂಠಿಯನ್ನು ಕಂಡು ವೇಗ ಹೆಚ್ಚಿಸುತ್ತಾರೆ, ಕೆಲವರು ಮೀಟರ್ ಮೇಲೆ ನಾಯಿಯ ಲೆಕ್ಕವನ್ನೂ ಸೇರಿಸುತ್ತಾರೆ. ಹಾಗಾಗಿ ಅದು ವಾರಕ್ಕೊಂದು ಬಾರಿಯ ಮಾತು. ದಿನನಿತ್ಯಕ್ಕೆ ಉಳಿಯುವುದು ನಮ್ಮ ಬೀದಿಯೇ.

ಬೀದಿಯಲ್ಲಿ ಎರಡು ಬಗೆಯ ನಡಿಗೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಒಂದು, ಮೋಟು ಹಗ್ಗ ಹಿಡಿದು ದಡದಡನೆ ಮುಖ್ಯರಸ್ತೆಯವರೆಗೆ ಹೋಗಿಬರುವುದು. ಇನ್ನೊಂದು, ಎದೆಗೆ ಪಟ್ಟಿ ಹಾಕಿ, ಐದು ಮೀಟರಿನ ಹಗ್ಗ ಬಿಟ್ಟು, ಅವಳು ನಿಂತಲ್ಲಿ ನಿಂತು, ಎರಡು ಅಡ್ಡರಸ್ತೆಗಳನ್ನಷ್ಟೇ ಸುತ್ತುವುದು. ಮೊದಲನೆಯದರಲ್ಲಿ ನನ್ನ ಭುಜ ನೋಯುತ್ತದೆ, ಅವಳು ಮನೆಗೆ ಬಂದು ಸೋಫಾ ದಿಂಬು ಝಾಡಿಸುತ್ತಾಳೆ. ಎರಡನೆಯದರಲ್ಲಿ ದಾರಿಹೋಕರು “ನಾಯಿ ನಿಮ್ಮನ್ನು ವಾಕಿಂಗ್ ಕರೆದುಕೊಂಡು ಹೋಗುತ್ತಿದೆಯಾ ಸಾರ್?” ಎಂದು ಕೇಳುತ್ತಾರೆ, ಆದರೆ ಚಪ್ಪಲಿಗಳು ಕ್ಷೇಮ. ಉದ್ದ ಹಗ್ಗ ನಸುಕಿನ ಖಾಲಿ ರಸ್ತೆಗೆ ಮಾತ್ರ ಸರಿ. ಸ್ಕೂಟರುಗಳು ಹೊರಟ ಮೇಲೆ ಅದು ಎಲ್ಲರಿಗೂ ಅಪಾಯ.

ಬೀದಿ ಎಂದರೆ ಬೀದಿನಾಯಿಗಳ ಮಾತು ಬಂದೇ ಬರುತ್ತದೆ. ಮಹಾನಗರ ಪಾಲಿಕೆಯ 2023ರ ಗಣತಿಯಲ್ಲಿ ಅವುಗಳ ಸಂಖ್ಯೆ ಸುಮಾರು 2.79 ಲಕ್ಷ, 2019ರಲ್ಲಿ ಅದು 3.10 ಲಕ್ಷವಿತ್ತು. ಇಳಿದಿದೆ ಎಂದು ಸಮಾಧಾನ ಪಡಬಹುದು, ಆದರೆ ನಮ್ಮ ಅಡ್ಡರಸ್ತೆಯ ಮೂವರು ಇಳಿದವರ ಪಟ್ಟಿಯಲ್ಲಿಲ್ಲ. ಬಿರುಸಿನ ನಡಿಗೆಯಲ್ಲಿ ನಾವು ಅವರ ಗಡಿಗೆ ನುಗ್ಗಿದಂತಾಗಿ ಜಗಳ ಹತ್ತುತ್ತಿತ್ತು. ನಿಧಾನವಾಗಿ ಮೂಸುತ್ತಾ ಹೋದರೆ ಎರಡೂ ಕಡೆಯವರಿಗೆ ದೂರದಿಂದಲೇ ಪರಿಚಯವಾಗುತ್ತದೆ. ಈಗ ಒಬ್ಬ ಬಾಲ ಆಡಿಸುತ್ತಾನೆ, ಇನ್ನಿಬ್ಬರು ನೋಡಿಯೂ ನೋಡದಂತೆ ಮಲಗಿರುತ್ತಾರೆ. ವರ್ಷಕ್ಕೊಮ್ಮೆ ರೇಬಿಸ್ ಲಸಿಕೆ ತಪ್ಪಿಸದಿರುವುದು ಈ ಸ್ನೇಹದ ಮೊದಲ ಷರತ್ತು.

ಮಳೆ ಹಿಡಿದರೆ ಮನೆಯೊಳಗಿನ ಹುಡುಕಾಟವೇ ಗತಿ, ಅದೂ ಕಳಪೆಯೇನಲ್ಲ. ಹಳೆಯ ಟವೆಲ್ಲಿನ ಮಡಿಕೆಗಳಲ್ಲಿ ಅವಳ ಊಟದ ಕಾಳು ಉದುರಿಸಿ ಸುರುಳಿ ಸುತ್ತಿ ಕೊಡುವುದು, ಮೊಟ್ಟೆಯ ರಟ್ಟಿನ ತಟ್ಟೆಯಲ್ಲಿ ಕ್ಯಾರೆಟ್ ಚೂರು ಅಡಗಿಸುವುದು, ಪುಟ್ಟ ಡಬ್ಬಿಯನ್ನು ಮಂಚದ ಕೆಳಗೋ ಪರದೆಯ ಹಿಂದೋ ಇಟ್ಟು “ಹುಡುಕು” ಎನ್ನುವುದು. ಹತ್ತು ಹದಿನೈದು ನಿಮಿಷದಲ್ಲಿ ಅವಳು ಬಿಕ್ಕಳಿಸುವಂತೆ ಉಸಿರುಬಿಟ್ಟು ಮಗುಚಿಕೊಳ್ಳುತ್ತಾಳೆ. ಅಂಗಡಿಯ ದಪ್ಪ ರಬ್ಬರಿನ ಪೊಳ್ಳು ಆಟಿಕೆಗೆ ಉಪ್ಪಿಲ್ಲದ ರಾಗಿ ಅಂಬಲಿ ಮತ್ತು ಮೊಸರು ತುಂಬಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಇನ್ನೂ ಅರ್ಧ ಗಂಟೆಯ ಶಾಂತಿ. ಅದರ ಬದಲು ತೆಂಗಿನ ಚಿಪ್ಪಿನಲ್ಲಿ ಕೊಡಬಹುದಲ್ಲ ಎಂದರು ಅಮ್ಮ. ಶುಂಠಿ ಚಿಪ್ಪನ್ನೇ ಕಡಿದು ಚೂರು ಮಾಡತೊಡಗಿದ್ದರಿಂದ ಅದನ್ನು ಕಿತ್ತುಕೊಳ್ಳಬೇಕಾಯಿತು; ಚೂಪು ಚೂರು ಹೊಟ್ಟೆಗೆ ಹೋದರೆ ಅಪಾಯ. ಅಮ್ಮನ ಮೊಸರನ್ನವೂ ಹಾಗೆಯೇ, ಅದರಲ್ಲಿ ಒಣದ್ರಾಕ್ಷಿ ಇರುತ್ತದೆ. ದ್ರಾಕ್ಷಿ, ಈರುಳ್ಳಿ, ಚಾಕೊಲೇಟ್ ಮೂರೂ ನಾಯಿಗೆ ವಿಷ. ಆಟಕ್ಕೆ ಹಾಕಿದ್ದನ್ನು ದಿನದ ಊಟದಲ್ಲಿ ಕಳೆಯದಿದ್ದರೆ ನಾಯಿ ಉಬ್ಬುತ್ತದೆ.

ನಮ್ಮಲ್ಲಿ ಈಗ ನಡೆಯುತ್ತಿರುವುದು ಇದು: ನಸುಕಿನಲ್ಲಿ ಉದ್ದ ಹಗ್ಗದ ನಿಧಾನ ನಡಿಗೆ, ಸಂಜೆ ಟವೆಲ್ಲಿನ ಹುಡುಕಾಟ, ಭಾನುವಾರ ಕಬ್ಬನ್ ಪಾರ್ಕು. ಖಾಸಗಿ ಪಾರ್ಕಿನ ಈಜು ಬೇಸಿಗೆಗೆ ಮೀಸಲು. ಚೆಂಡನ್ನು ಬೀರುವಿನ ಮೇಲಿಟ್ಟಿದ್ದೇವೆ. ಹಸ್ಕಿ, ಲ್ಯಾಬ್ರಡಾರ್ ಸಾಕಿದವರ ಲೆಕ್ಕ ಬೇರೆ ಇರಬಹುದು. ಮುಧೋಳದ ನಾಯಿಯಂಥ ಕಣ್ಣಿನ ಬೇಟೆಗಾರನಿಗೆ ಬಯಲಿನ ಓಟ ಬೇಕೇ ಬೇಕು. ಬೆಳಗಿನ ಹಾಲಿನ ಪ್ಯಾಕೆಟ್ ಕದಿಯುವ ಚಟಕ್ಕೆ ಮಾತ್ರ ಇವುಗಳಲ್ಲಿ ಯಾವುದೂ ಮದ್ದಾಗಿಲ್ಲ. ಹಾಲಿನ ಹುಡುಗನಿಗೆ ಹೇಳಿ ಚೀಲವನ್ನು ಗೇಟಿನ ಹೊರಗಡೆಯ ಮೊಳೆಗೆ, ಅವಳ ಮೂತಿಗೆ ನಿಲುಕದಂತೆ ತೂಗುಹಾಕಿಸಿದ್ದೇವೆ.