ವಿಂಡೋಸ್ 11ರ ಜೊತೆ ಮೂರೂವರೆ ವರ್ಷ: ಜಗಳವೆಲ್ಲ ಆ ಕೆಳಗಿನ ಪಟ್ಟಿಯದ್ದೇ

ನನ್ನದು ತಾಲ್ಲೂಕು ಕಚೇರಿ ಎದುರಿನ ಡಿಟಿಪಿ, ಜೆರಾಕ್ಸ್ ಅಂಗಡಿ. 2022ರ ಮಧ್ಯದಲ್ಲಿ ಹೊಸ ಕಂಪ್ಯೂಟರ್ ತಂದೆ, ಅದರ ಜೊತೆಗೇ ವಿಂಡೋಸ್ 11 ಬಂತು. ನಾನಾಗಿ ಆರಿಸಿಕೊಂಡಿದ್ದಲ್ಲ. ಅದರಲ್ಲಿ ಏನೇನಿದೆ ಅಂತ ಎಲ್ಲರೂ ಬರೆದಾಗಿದೆ, ಅದನ್ನು ಬಿಡಿ. ನಾನು ಹೇಳಬೇಕಿರುವುದು ಮುಖ್ಯವಾಗಿ ಒಂದೇ ಪಟ್ಟಿಯ ವಿಷಯ, ತೆರೆದ ಪ್ರೋಗ್ರಾಂಗಳೆಲ್ಲ ಸಾಲಾಗಿ ಕಾಣುವ ಟಾಸ್ಕ್‌ಬಾರ್.

ಬೆಳಿಗ್ಗೆ ಶಟರ್ ಎತ್ತಿದರೆ ಮೊದಲು ಕಸ, ಆಮೇಲೆ ಊದುಬತ್ತಿ, ಆಮೇಲೆ ಯುಪಿಎಸ್ ಸ್ವಿಚ್. ಕಂಪ್ಯೂಟರ್ ಎದ್ದ ಮೇಲೂ ಒಂದು ಕ್ರಮ ಇದೆ. ವಾಟ್ಸಾಪ್ ವೆಬ್, ಸ್ಕ್ಯಾನ್ ಫೋಲ್ಡರ್, ನಿನ್ನೆ ಉಳಿದ ವರ್ಡ್ ಫೈಲುಗಳು. ಹಳೆಯ ಯಂತ್ರದಲ್ಲಿ ಟಾಸ್ಕ್‌ಬಾರನ್ನು ಎಡಗಡೆ ನಿಲ್ಲಿಸಿಕೊಂಡಿದ್ದೆ. ತೆರೆದದ್ದೆಲ್ಲ ಒಂದರ ಕೆಳಗೊಂದು, ಹೆಸರಿನ ಸಮೇತ, ಕಿರಾಣಿ ಸಾಮಾನಿನ ಚೀಟಿಯ ಹಾಗೆ ಕಾಣುತ್ತಿತ್ತು. ಇದು ಶೋಕಿಗಲ್ಲ. ನನ್ನ ಮಾನಿಟರ್ 1366 × 768ರದ್ದು. ಅಗಲ ಬೇಕಾದಷ್ಟಿದೆ, ಎತ್ತರ ಕಮ್ಮಿ. ನಾನು ಕೂರಿಸಬೇಕಿರುವುದು ಉದ್ದನೆಯ ಎ4 ಹಾಳೆ. ಪಟ್ಟಿ ಪಕ್ಕಕ್ಕಿದ್ದರೆ ಹಾಳೆಯ ನಾಲ್ಕು ಸಾಲು ಜಾಸ್ತಿ ಕಾಣುತ್ತದೆ, ಅಷ್ಟೇ ಲೆಕ್ಕ.

ಹೊಸದರಲ್ಲಿ ಪಟ್ಟಿಯನ್ನು ಹಿಡಿದು ಎಳೆದೆ. ಬರಲಿಲ್ಲ. ಲಾಕ್ ಆಗಿರಬೇಕು ಅಂದುಕೊಂಡು ಸೆಟ್ಟಿಂಗ್ಸ್ ಎಲ್ಲ ಜಾಲಾಡಿದೆ. ಮೈಕ್ರೋಸಾಫ್ಟ್‌ನವರು ಆ ಆಯ್ಕೆಯನ್ನೇ ತೆಗೆದಿದ್ದರು! 1995ರ ವಿಂಡೋಸ್ 95ರಲ್ಲೇ ಪಟ್ಟಿಯನ್ನು ನಾಲ್ಕು ಅಂಚಿನಲ್ಲಿ ಎಲ್ಲಿಗೆ ಬೇಕಾದರೂ ಎಳೆಯಬಹುದಿತ್ತು. ಸಾಲದ್ದಕ್ಕೆ ಪಟ್ಟಿ ದಪ್ಪವೂ ಆಗಿತ್ತು. ಹಳೆಯ ಯಂತ್ರದ ವಿಂಡೋಸ್ 10ರಲ್ಲಿ 40 ಪಿಕ್ಸೆಲ್ ಇದ್ದದ್ದು ಇಲ್ಲಿ 48. ನನ್ನ ಚಿಕ್ಕ ಮಾನಿಟರಿನಲ್ಲಿ ಆ ಎಂಟಕ್ಕೂ ಬೆಲೆ ಇದೆ.

ಸ್ಟಾರ್ಟ್ ಬಟನ್ ನಡುವಿಗೆ ಬಂದದ್ದರ ಬಗ್ಗೆ ಎಲ್ಲರೂ ಗಲಾಟೆ ಮಾಡಿದರು. ನನಗದು ದೊಡ್ಡದಾಗಿ ಕಾಣಲಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಎಡಕ್ಕೆ ತಂದುಕೊಳ್ಳಬಹುದು. ಆದರೆ ನಡುವಿನಲ್ಲೇ ಬಿಟ್ಟರೆ ಒಂದು ತಮಾಷೆ ನೋಡಿ. ಹೊಸ ಹೊಸ ಪ್ರೋಗ್ರಾಂ ತೆರೆದ ಹಾಗೆ ಬಟನ್ ಎಡಕ್ಕೆ ಸರಿಯುತ್ತಾ ಹೋಗುತ್ತದೆ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಇಂಜಿನಿಯರಿಂಗ್ ಓದುವ ಅಕ್ಕನ ಮಗ ಇದಕ್ಕೊಂದು ನಿಯಮವೇ ಇದೆ ಅಂದ. ಪಾಲ್ ಫಿಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1954ರಲ್ಲಿ ಹೇಳಿದ್ದಂತೆ: ಗುರಿ ಹತ್ತಿರವಿದ್ದಷ್ಟೂ, ದೊಡ್ಡದಿದ್ದಷ್ಟೂ ಕೈ ಬೇಗ ಮುಟ್ಟುತ್ತದೆ. ಪರದೆಯ ಮೂಲೆಗೆ ಮೌಸನ್ನು ಕಣ್ಣು ಮುಚ್ಚಿ ತಳ್ಳಿದರೂ ಅಲ್ಲೇ ನಿಲ್ಲುತ್ತದೆ, ಹಾಗಾಗಿ ಮೂಲೆ ಎಷ್ಟು ದೊಡ್ಡ ಗುರಿಗೂ ಸಮ. ಬಟನ್ ಮೂಲೆಯಲ್ಲಿದ್ದಾಗ ನಾವು ಹೆಸರು ಗೊತ್ತಿಲ್ಲದೆ ಇಷ್ಟು ವರ್ಷ ಮಾಡಿದ್ದು ಅದನ್ನೇ.

ನನ್ನನ್ನು ನಿಜಕ್ಕೂ ಕೆರಳಿಸಿದ್ದು ಹೆಸರುಗಳು. 2021ರ ಅಕ್ಟೋಬರ್‌ನಲ್ಲಿ ಹನ್ನೊಂದು ಬಂದಾಗ ಟಾಸ್ಕ್‌ಬಾರಿನಲ್ಲಿ ಬರೀ ಚಿತ್ರಗಳು. ಹತ್ತು ವರ್ಡ್ ಫೈಲ್ ತೆರೆದರೂ ಒಂದೇ ನೀಲಿ ಡಬ್ಬಿ. ಮೇಲೆ ಮೌಸ್ ಇಟ್ಟರೆ ಪುಟ್ಟ ಪುಟ್ಟ ಪುಟಗಳು ಸಾಲಾಗಿ ಎದ್ದು ನಿಲ್ಲುತ್ತವೆ. ಅಂಗಡಿಯಲ್ಲಿ ಕೂತು ನೋಡಿ ಅದರ ಚಂದ! ನನ್ನ ಹತ್ತು ಫೈಲಿನಲ್ಲಿ ಆರು ಬಾಡಿಗೆ ಕರಾರು. ಎಲ್ಲವೂ ಒಂದೇ ನಮೂನೆ. ಮೇಲೆ ಸ್ಟಾಂಪ್‌ಗೆ ಬಿಟ್ಟ ಖಾಲಿ ಜಾಗ, ಕೆಳಗೆ ಬೂದು ಗೆರೆಗಳ ಹಾಗೆ ಕಾಣುವ ಅಕ್ಷರ. ಬೆರಳುಗುರಿನಷ್ಟು ಚಿತ್ರದಲ್ಲಿ ರಂಗಪ್ಪನ ಮನೆ ಯಾವುದು, ಬಸಮ್ಮನ ಮಳಿಗೆ ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಮೇಲೆ ಹೆಸರೇನೋ ಇರುತ್ತದೆ, ಎದುರಿಗೆ ಐದು ಜನ ನಿಂತಿರುವಾಗ ಓದುವ ವ್ಯವಧಾನ ಯಾರಿಗಿದೆ?

ಒಂದು ಸೋಮವಾರ ಒಬ್ಬರ ಸ್ಟಾಂಪ್ ಪೇಪರಿನ ಮೇಲೆ ಇನ್ನೊಬ್ಬರ ಕರಾರು ಹೊಡೆದೆ. ಪ್ರಿಂಟ್ ಕೊಡುವ ಮುಂಚೆ ಓದಲಿಲ್ಲ, ತಪ್ಪು ನನ್ನದೇ, ಒಪ್ಪಿದೆ. ಹೊಸ ಸ್ಟಾಂಪ್ ಪೇಪರ್ ನನ್ನ ಜೇಬಿನಿಂದ ಬಂತು. ಅವತ್ತು ಸಂಜೆ ಸಹಾಯಕಿ ಹುಡುಗಿಯ ಮುಂದೆ ಗೊಣಗಿದರೆ, "ಅಣ್ಣಾ, ಮೇಲೆ ಮೌಸ್ ಇಟ್ರೆ ತೋರ್ಸುತ್ತಲ್ಲ, ಇದ್ರಲ್ಲೇನು ಕಷ್ಟ? ಹಳೇದು ನೋಡೋಕೆ ಎಷ್ಟ್ ಗಲೀಜಾಗಿತ್ತು" ಅಂದಳು. ಅವಳು ಕಂಪ್ಯೂಟರ್ ಕಲಿತದ್ದೇ ಹನ್ನೊಂದರಲ್ಲಿ. ದುಂಡನೆಯ ಮೂಲೆ, ತೆಳು ಬಣ್ಣ, ಗೋಡೆಚಿತ್ರದ ನೆರಳು ಕಾಣುವ ಕಿಟಕಿಗಳು, ಎಲ್ಲ ಅವಳಿಗೆ ಇಷ್ಟ. ಚೆನ್ನಾಗಿಲ್ಲ ಅಂತ ನಾನೂ ಹೇಳಲಾರೆ. ಆದರೆ ಹೆಸರು ಅಳಿಸಿದರೆ ಬೀರು ಅಚ್ಚುಕಟ್ಟಾಗಿ ಕಾಣುತ್ತದೆ, ಫೈಲು ಸಿಗಲ್ಲ, ಅಲ್ವಾ?

ಕೊನೆಗೆ 2023ರ ಕೊನೆಯ ತಿಂಗಳುಗಳ ಅಪ್‌ಡೇಟಿನಲ್ಲಿ ಹೆಸರು ವಾಪಸ್ ಬಂತು. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನ ತಳದಲ್ಲಿ ಒಂದು ಸಾಲು: ಬಟನ್‌ಗಳನ್ನು ಒಟ್ಟುಗೂಡಿಸುವುದು "ಎಂದೂ ಬೇಡ" ಅನ್ನುವುದು. ಇದ್ದದ್ದನ್ನು ಕಿತ್ತು ಎರಡು ವರ್ಷದ ಮೇಲೆ ಮರಳಿ ಕೊಡುವುದು ಇವರಿಗೆ ಹೊಸದೇನಲ್ಲ. 2012ರ ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ನನ್ನೇ ತೆಗೆದು, ಮರುವರ್ಷ 8.1ರಲ್ಲಿ ತಂದಿಟ್ಟರು. ನನಗೆ ಖುಷಿಯಾಯಿತು, ಆದರೆ ಪೂರ್ತಿ ಅಲ್ಲ. ಅಡ್ಡ ಪಟ್ಟಿಯಲ್ಲಿ ಜಾಗ ಕಮ್ಮಿ, ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಆರು ಡಬ್ಬಿಯಲ್ಲೂ "ಬಾಡಿಗೆ ಕರಾ…" ಅಂತಲೇ! ಈಗ ಫೈಲಿಗೆ ಹೆಸರಿಡುವ ಅಭ್ಯಾಸವನ್ನೇ ಬದಲಿಸಿದ್ದೇನೆ. "ರಂಗಪ್ಪ ಬಾಡಿಗೆ", "ಬಸಮ್ಮ ಮಳಿಗೆ". ಜನ ಮೊದಲು, ಕಾಗದ ಆಮೇಲೆ.

ಇಷ್ಟು ಬೈದ ಮೇಲೆ ಒಂದು ಮಾತು ಒಪ್ಪಬೇಕು. ಹೊಸ ನೋಟ್‌ಪ್ಯಾಡ್ ಇಲ್ಲದೆ ನನಗೀಗ ಆಗಲ್ಲ. ಗಿರಾಕಿ ಹೇಳುವ ವಿಳಾಸ, ಸರ್ವೆ ನಂಬರ್, ಕೊಡಬೇಕಾದ ಬಾಕಿ ಎಲ್ಲ ಅದರಲ್ಲಿ ಗೀಚಿಕೊಳ್ಳುತ್ತೇನೆ. ಮೊದಲು ಕರೆಂಟ್ ಹೋಗಿ ಯುಪಿಎಸ್ ಕುಂಯ್ ಅನ್ನಲು ಶುರುವಾದರೆ ಒಂದೊಂದಕ್ಕೂ "ಸೇವ್ ಮಾಡಲೇ?" ಎಂಬ ಪ್ರಶ್ನೆ. ಈಗ ಸುಮ್ನೆ ಮುಚ್ಚಿದರೆ ಸಾಕು. ಮತ್ತೆ ತೆರೆದಾಗ ಹೆಸರಿಲ್ಲದ ಏಳು ಚೀಟಿಗಳು ಏಳು ಟ್ಯಾಬಿನಲ್ಲಿ ಇದ್ದ ಹಾಗೇ ಕೂತಿರುತ್ತವೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಒಂದು ದಿನ ಹಾಗೇ ಕಂಡಾಗ, ಕಳೆದುಹೋಯಿತೆಂದುಕೊಂಡ ಪೆನ್ನು ಜೇಬಿನಲ್ಲೇ ಸಿಕ್ಕ ಹಾಗಾಯಿತು.

ಫೋಲ್ಡರ್‌ಗಳಿಗೂ ಟ್ಯಾಬ್ ಬಂದಿದೆ, ಒಳ್ಳೆಯದಾಯಿತು. ಕಿಟಕಿ ದೊಡ್ಡದು ಮಾಡುವ ಬಟನ್ ಮೇಲೆ ಮೌಸ್ ನಿಲ್ಲಿಸಿದರೆ ಪರದೆಯನ್ನು ಭಾಗ ಮಾಡುವ ನಕ್ಷೆ ಬರುತ್ತದೆ. ಎಡಕ್ಕೆ ಗಿರಾಕಿಯ ಕೈಬರಹದ ಫೋಟೋ, ಬಲಕ್ಕೆ ವರ್ಡ್. ಕತ್ತು ತಿರುಗಿಸದೆ ಟೈಪ್ ಮಾಡಬಹುದು. ರೈಟ್ ಕ್ಲಿಕ್ ಮೆನು ಮಾತ್ರ ಇನ್ನೂ ಸಿಟ್ಟು ತರಿಸುತ್ತದೆ. ಹಳೆಯದರಲ್ಲಿ ಸಾಲಾಗಿ ಇದ್ದದ್ದು "ಇನ್ನಷ್ಟು ಆಯ್ಕೆ" ಎಂಬ ಬಾಗಿಲ ಹಿಂದೆ ಹೋಗಿದೆ. ಶಿಫ್ಟ್ ಒತ್ತಿ ರೈಟ್ ಕ್ಲಿಕ್ ಮಾಡಿ, ಹಳೆಯ ಮೆನುವೇ ನೇರ ಬರುತ್ತದೆ. ನನ್ನ ಎಡಗೈ ಕಿರುಬೆರಳು ಈಗ ಆ ಕೆಲಸಕ್ಕೇ ಮೀಸಲು.

ದುಡ್ಡು ಕೊಟ್ಟು ಬದಲಾಯಿಸಬೇಕಾ ಅಂತ ಕೇಳಿದರೆ, ನೋಟಕ್ಕಾಗಿ ಬೇಡ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ, ಅಂದರೆ ಭದ್ರತೆಯ ಅಪ್‌ಡೇಟ್, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ನೆಟ್ ಬಳಸುವವರಿಗೆ ಕಾರಣ ಅದೇ. ದೊಡ್ಡ ಮಾನಿಟರ್ ಇದ್ದರೆ ನನ್ನ ಅರ್ಧ ದೂರು ನಿಮಗೆ ಇರುವುದೇ ಇಲ್ಲ. ಹೊರಗಿನ ತಂತ್ರಾಂಶ ಹಾಕಿಕೊಂಡು ಪಟ್ಟಿಯನ್ನು ಪಕ್ಕಕ್ಕೆ ತರುವವರಿದ್ದಾರೆ, ಗಿರಾಕಿಗಳ ಕಾಗದಪತ್ರ ಇರುವ ಯಂತ್ರದಲ್ಲಿ ನನಗೆ ಆ ಧೈರ್ಯ ಇಲ್ಲ.

ಹಳೆಯ ಕಂಪ್ಯೂಟರನ್ನು ಎಸೆದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ್ದರಿಂದ ಅದು ಹನ್ನೊಂದಕ್ಕೆ ಅರ್ಹವಲ್ಲ. ನೆಟ್ ವೈರ್ ಕಿತ್ತು, ಬರೀ ಸ್ಕ್ಯಾನಿಂಗ್‌ಗೆ ಒಳಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಅದರಲ್ಲಿ ಪಟ್ಟಿ ಇನ್ನೂ ಎಡಗಡೆಯೇ ಇತ್ತು. ಕಳೆದ ತಿಂಗಳು ಒಂದು ಬೆಳಿಗ್ಗೆ ನೋಡಿದರೆ ಕೆಳಗೆ ಬಂದು ಕೂತಿದೆ. "ಪಕ್ಕದಲ್ಲಿದ್ರೆ ಕೈಗೇ ಸಿಗಲ್ಲ ಅಣ್ಣಾ" ಅಂದಳು ಹುಡುಗಿ. ಸಂಜೆ ಅವಳು ಹೋದ ಮೇಲೆ ಹಿಡಿದು ಎಡಕ್ಕೆ ಎಳೆದಿಟ್ಟೆ. ಮರುದಿನ ಮತ್ತೆ ಕೆಳಗಿತ್ತು.