ಅಡ್ಮಿನ್ ಪಾಸ್‌ವರ್ಡ್ ಹಂಚುವ ಮೊದಲು ಪ್ರಾಸೆಸ್ ಮಾನಿಟರ್ ಓಡಿಸಿ ನೋಡಿ

ಗ್ರಂಥಾಲಯದ ಕೌಂಟರ್, ಶಾಲೆಯ ಲ್ಯಾಬ್, ಸಹಕಾರ ಸಂಘದ ಕಚೇರಿ: ಒಂದೇ ಕಂಪ್ಯೂಟರಿನ ಮುಂದೆ ನಾಲ್ಕಾರು ಜನ ಸರದಿಯಲ್ಲಿ ಕೂರುವ ಕಡೆಯಲ್ಲೆಲ್ಲ ಒಂದೇ ತಾಪತ್ರಯ. ಎಲ್ಲರಿಗೂ ವಿಂಡೋಸ್‌ನಲ್ಲಿ ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಅಡ್ಮಿನ್ ಹಕ್ಕಿಲ್ಲದ ಸಾಮಾನ್ಯ ಅಕೌಂಟ್, ಮಾಡಿಕೊಟ್ಟ ದಿನದಿಂದ ಹಳೆಯ ತಂತ್ರಾಂಶ ಮೊಂಡು ಹಿಡಿಯುತ್ತದೆ. ಅಡ್ಮಿನ್ ಆಗಿ ತೆರೆದರೆ ಮಾತ್ರ ನೆಟ್ಟಗೆ ಓಡುತ್ತದೆ. ಕೊನೆಗೆ ಬೇಸತ್ತು ಎಲ್ಲರನ್ನೂ ಅಡ್ಮಿನ್ ಮಾಡಿಬಿಡುತ್ತಾರೆ, ಇಲ್ಲವೇ ಪಾಸ್‌ವರ್ಡ್ ಬರೆದ ಚೀಟಿ ಮಾನಿಟರಿನ ಅಂಚಿಗೆ ಅಂಟಿಕೊಳ್ಳುತ್ತದೆ. ಎರಡೂ ಬೇಕಿಲ್ಲ. ಆ ತಂತ್ರಾಂಶಕ್ಕೆ ಹೆಚ್ಚಿನ ಸಲ ಬೇಕಿರುವುದು ಯಾವುದೋ ಒಂದು ಫೋಲ್ಡರಿನಲ್ಲಿ ಬರೆಯುವ ಅನುಮತಿ. ಆ ಫೋಲ್ಡರ್ ಯಾವುದು ಎಂದು ಬೆರಳಿಟ್ಟು ತೋರಿಸುವ ಸಾಧನವೇ ಪ್ರಾಸೆಸ್ ಮಾನಿಟರ್.

ಇದು ಸಿಸ್‌ಇಂಟರ್ನಲ್ಸ್ ಸಾಧನಗಳ ಗುಂಪಿಗೆ ಸೇರಿದ್ದು. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಕಟ್ಟಿದ ಈ ಗುಂಪನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡುಕೊಂಡಿತು. ಅದೇ ವರ್ಷ, ಫೈಲುಗಳ ಮೇಲೆ ಕಣ್ಣಿಡುತ್ತಿದ್ದ ಹಳೆಯ ಫೈಲ್‌ಮಾನ್, ರಿಜಿಸ್ಟ್ರಿಯ (ವಿಂಡೋಸ್ ಮತ್ತು ತಂತ್ರಾಂಶಗಳ ಸೆಟ್ಟಿಂಗ್ಸ್ ಇರುವ ಕಣಜ) ಮೇಲೆ ಕಣ್ಣಿಡುತ್ತಿದ್ದ ರೆಗ್‌ಮಾನ್ ಎರಡನ್ನೂ ಒಂದಾಗಿಸಿ ಪ್ರಾಸೆಸ್ ಮಾನಿಟರ್ ಹೊರಬಂತು. ಪೂರ್ತಿ ಉಚಿತ. ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಮೈಕ್ರೋಸಾಫ್ಟ್ ತಾಣದಿಂದ ಜಿಪ್ ಇಳಿಸಿ, ಬಿಚ್ಚಿ, ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಸಾಕು.

ಓಡಿಸುವ ಕ್ರಮದಲ್ಲೇ ಬಹಳ ಜನ ಎಡವುತ್ತಾರೆ. ಪ್ರಾಸೆಸ್ ಮಾನಿಟರಿಗೆ ಅಡ್ಮಿನ್ ಹಕ್ಕು ಬೇಕೇ ಬೇಕು. ಆದರೆ ನೀವು ಪರೀಕ್ಷಿಸುವ ತಂತ್ರಾಂಶ ಸಾಮಾನ್ಯ ಬಳಕೆದಾರನಾಗಿಯೇ ಓಡಬೇಕು. ಹಾಗಾಗಿ ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಲಾಗಿನ್ ಆಗಿ, ಪ್ರಾಸೆಸ್ ಮಾನಿಟರ್ ಮೇಲೆ ಬಲ ಕ್ಲಿಕ್ ಮಾಡಿ ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ಪಾಸ್‌ವರ್ಡ್ ಹಾಕಿ. ತಂತ್ರಾಂಶವನ್ನು ಮಾತ್ರ ಎಂದಿನಂತೆ ಸ್ಟಾರ್ಟ್ ಮೆನುವಿನಿಂದ ತೆರೆಯಿರಿ. ಎರಡನ್ನೂ ಅಡ್ಮಿನ್ ಹಕ್ಕಿನಲ್ಲಿ ಓಡಿಸಿದರೆ ದೋಷ ಕಾಣಿಸುವುದೇ ಇಲ್ಲ.

ಪ್ರಾಸೆಸ್ ಮಾನಿಟರ್ ತೆರೆದ ಕೂಡಲೇ ಸಾಲುಗಳು, ಅಂದರೆ ಯಾವ ತಂತ್ರಾಂಶ ಯಾವ ಫೈಲನ್ನೋ ರಿಜಿಸ್ಟ್ರಿಯನ್ನೋ ಮುಟ್ಟಿತು ಎಂಬ ದಾಖಲೆಗಳು, ಪ್ರವಾಹದಂತೆ ಹರಿಯತೊಡಗುತ್ತವೆ. ಗಾಬರಿ ಬೇಡ. ಕಂಟ್ರೋಲ್ ಮತ್ತು ಇ ಒತ್ತಿ ನಿಲ್ಲಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಅಳಿಸಿ, ಕಂಟ್ರೋಲ್ ಮತ್ತು ಎಲ್ ಒತ್ತಿ ಫಿಲ್ಟರ್ ತೆರೆಯಿರಿ. ‘ಪ್ರಾಸೆಸ್ ನೇಮ್’ ಎಂಬಲ್ಲಿ ತಂತ್ರಾಂಶದ ಫೈಲ್ ಹೆಸರು, ‘ರಿಸಲ್ಟ್’ ಎಂಬಲ್ಲಿ ‘ಆಕ್ಸೆಸ್ ಡಿನೈಡ್’ (ಅನುಮತಿ ನಿರಾಕರಣೆ) ಎಂದು ತುಂಬಿ. ಒಂದೊಂದನ್ನೂ ತುಂಬಿದ ಮೇಲೆ ‘ಆ್ಯಡ್’ ಒತ್ತುವುದನ್ನು ಮರೆಯಬೇಡಿ. ಫೈಲ್ ಹೆಸರು ಗೊತ್ತಿಲ್ಲದಿದ್ದರೆ ಮೇಲಿನ ಪಟ್ಟಿಯಲ್ಲಿರುವ ಗುರಿಯಾಕಾರದ ಗುಂಡಿಯನ್ನು ಹಿಡಿದೆಳೆದು ಆ ತಂತ್ರಾಂಶದ ಕಿಟಕಿಯ ಮೇಲೆ ಬಿಡಿ, ತಾನೇ ಗುರುತಿಸಿಕೊಳ್ಳುತ್ತದೆ. ಬಳಿಕ ಮತ್ತೆ ಕಂಟ್ರೋಲ್ ಮತ್ತು ಇ ಒತ್ತಿ ಸೆರೆಹಿಡಿಯಲು ಶುರು ಮಾಡಿ, ದೋಷ ಬರುವ ಕೆಲಸವನ್ನು ಒಮ್ಮೆ ಮಾತ್ರ ಮಾಡಿ ನಿಲ್ಲಿಸಿ.

ಈಗ ಉಳಿದ ಸಾಲುಗಳೆಲ್ಲ ರೋಗವಲ್ಲ. ಎಷ್ಟೋ ತಂತ್ರಾಂಶಗಳು ರಿಜಿಸ್ಟ್ರಿಯನ್ನು ಮೊದಲು ‘ಆಲ್ ಆಕ್ಸೆಸ್’ ಎಂದು ಕೇಳಿ, ಸಿಗದಿದ್ದರೆ ‘ರೀಡ್’ ಎಂದು ಕೇಳಿ ಸುಮ್ಮನಾಗುತ್ತವೆ. ಫಿಲ್ಟರಿನ ‘ರಿಸಲ್ಟ್’ ಸಾಲಿನ ಟಿಕ್ ತೆಗೆದು ಸುತ್ತಮುತ್ತ ನೋಡಿ: ಅದೇ ಜಾಗಕ್ಕೆ ಮುಂದಿನ ಸಾಲಿನಲ್ಲೇ ‘ಸಕ್ಸೆಸ್’ ಇದ್ದರೆ ಅದನ್ನು ಬಿಟ್ಟುಬಿಡಿ. ಸಾಲಿನ ಮೇಲೆ ಎರಡು ಸಲ ಒತ್ತಿದಾಗ ಬರುವ ವಿವರದಲ್ಲಿ ‘ಡಿಸೈರ್ಡ್ ಆಕ್ಸೆಸ್’ ಎಂಬುದರ ಮುಂದೆ ರೈಟ್ ಅಥವಾ ಡಿಲೀಟ್ ಕಂಡರೆ, ಆಮೇಲೆ ತಂತ್ರಾಂಶ ದೋಷದ ಸಂದೇಶ ತೋರಿಸಿದ್ದರೆ, ಅಲ್ಲಿದೆ ನಿಮ್ಮ ಉತ್ತರ.

ಇನ್ನು, ‘ಆಕ್ಸೆಸ್ ಡಿನೈಡ್’ ಒಂದೂ ಕಾಣದೆ ಕೆಲಸ ಕೆಡುವ ಬಗೆ. ನಿಜವಾಗಿ ಹಾನಿ ಮಾಡುವುದು ಇದೇ. ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಲೆಕ್ಕ ಇಡುವ ಹಳೆಯ 32 ಬಿಟ್ ತಂತ್ರಾಂಶವೊಂದು ತನ್ನ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸನ್ನು, ಅಂದರೆ ಎಂಡಿಬಿ ಫೈಲನ್ನು, ಸಾಮಾನ್ಯ ಬಳಕೆದಾರ ಬರೆಯಲಾಗದ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಒಳಗೇ ಇಟ್ಟುಕೊಂಡಿದೆ ಎನ್ನಿ. ಬೆಳಗಿನವರು ಇಪ್ಪತ್ತು ಪುಸ್ತಕ ನಮೂದಿಸುತ್ತಾರೆ, ಯಾವ ದೂರೂ ಇಲ್ಲ. ಸಂಜೆಯವರು ತಮ್ಮ ಅಕೌಂಟಿನಲ್ಲಿ ತೆರೆದರೆ ಆ ಇಪ್ಪತ್ತರಲ್ಲಿ ಒಂದೂ ಇಲ್ಲ! ಕಾರಣ ವಿಂಡೋಸ್ ವಿಸ್ಟಾದಿಂದ ಬಂದ ವರ್ಚುವಲ್ ಸ್ಟೋರ್. ಬರೆಯಲು ಅನುಮತಿಯಿಲ್ಲದ ಕಡೆ ಹಳೆಯ ತಂತ್ರಾಂಶ ಬರೆಯಲು ಹೋದಾಗ ವಿಂಡೋಸ್ ಅದನ್ನು ತಡೆಯದೆ, ಆ ಫೈಲಿನ ಒಂದು ಪ್ರತಿಯನ್ನು ಆಯಾ ಬಳಕೆದಾರನ ಆ್ಯಪ್‌ಡೇಟಾ, ಲೋಕಲ್, ವರ್ಚುವಲ್ ಸ್ಟೋರ್ ಫೋಲ್ಡರಿನಲ್ಲಿ ಮಾಡಿಕೊಡುತ್ತದೆ. ನಾಲ್ಕು ಜನರಿದ್ದರೆ ನಾಲ್ಕು ಡೇಟಾಬೇಸ್. ಒಬ್ಬರದು ಇನ್ನೊಬ್ಬರಿಗೆ ಕಾಣದು.

ಇದನ್ನು ಹಿಡಿಯಲು ‘ರಿಸಲ್ಟ್’ ಫಿಲ್ಟರ್ ತೆಗೆದು, ‘ಪಾತ್’, ‘ಕಂಟೇನ್ಸ್’, ‘ವರ್ಚುವಲ್ ಸ್ಟೋರ್’ ಎಂದು ಹಾಕಿ (ವರ್ಚುವಲ್ ಮತ್ತು ಸ್ಟೋರ್ ನಡುವೆ ಜಾಗ ಬಿಡಬಾರದು). ಎರಡು ಫಿಲ್ಟರುಗಳನ್ನೂ ಒಟ್ಟಿಗೆ ಇಟ್ಟರೆ ಎರಡೂ ಷರತ್ತು ಕೂಡಿದ ಸಾಲು ಮಾತ್ರ ಬರುತ್ತದೆ, ಪಟ್ಟಿ ಖಾಲಿಯಾಗಿ ದಾರಿ ತಪ್ಪಿಸುತ್ತದೆ. ಟಾಸ್ಕ್ ಮ್ಯಾನೇಜರಿನ ‘ಡೀಟೇಲ್ಸ್’ ಪುಟದಲ್ಲಿ ‘ಯುಎಸಿ ವರ್ಚುವಲೈಸೇಷನ್’ ಕಾಲಂ ಸೇರಿಸಿಕೊಂಡರೂ ಯಾವ ತಂತ್ರಾಂಶಕ್ಕೆ ಇದು ಅನ್ವಯವಾಗಿದೆ ಎಂದು ತಿಳಿಯುತ್ತದೆ. 64 ಬಿಟ್ ತಂತ್ರಾಂಶಗಳಿಗೆ ಈ ವ್ಯವಸ್ಥೆ ಇಲ್ಲ, ಅವು ನೇರವಾಗಿ ದೋಷ ತೋರಿಸುತ್ತವೆ.

ಪರಿಹಾರದಲ್ಲೂ ಅವಸರ ಸಲ್ಲದು. ಎಂಡಿಬಿ ಫೈಲಿಗೆ ಮಾತ್ರ ಅನುಮತಿ ಕೊಟ್ಟರೆ ಸಾಲದು. ಡೇಟಾಬೇಸ್ ತೆರೆದಾಗಲೆಲ್ಲ ಅದರ ಪಕ್ಕದಲ್ಲೇ ಎಲ್‌ಡಿಬಿ ಎಂಬ ಬೀಗದ ಫೈಲ್ ಹುಟ್ಟಬೇಕು, ಮುಚ್ಚಿದಾಗ ಅಳಿಯಬೇಕು. ಡೇಟಾಬೇಸನ್ನು ಕಾಂಪ್ಯಾಕ್ಟ್ ಮಾಡಿದಾಗ, ಅಂದರೆ ಖಾಲಿ ಜಾಗ ತೆಗೆದು ಕುಗ್ಗಿಸಿದಾಗ, ಹೊಸ ಫೈಲೇ ಹಳೆಯದರ ಜಾಗಕ್ಕೆ ಬರುವುದರಿಂದ ಫೈಲಿಗೆ ಕೊಟ್ಟ ಅನುಮತಿಯೂ ಹೋಗುತ್ತದೆ. ಹಾಗೆಂದು ತಂತ್ರಾಂಶದ ಇಡೀ ಫೋಲ್ಡರನ್ನು ಎಲ್ಲರಿಗೂ ಬಿಟ್ಟುಕೊಡಬಾರದು. ಯಾರೋ ಮೂಲ ಇಎಕ್ಸ್‌ಇ ಫೈಲನ್ನೇ ಬದಲಿಸಿಟ್ಟು, ನಾಳೆ ಅಡ್ಮಿನ್ ಅದನ್ನು ತೆರೆದರೆ ಕಂಪ್ಯೂಟರ್ ಪೂರ್ತಿ ಅವರ ಕೈಗೆ ಹೋದಂತೆ.

ಡೇಟಾಬೇಸ್ ಇರುವ ಜಾಗವನ್ನು ಸೆಟ್ಟಿಂಗ್ಸ್‌ನಲ್ಲಿ ಬದಲಿಸಲು ಬರುವುದಾದರೆ ಎಲ್ಲ ಬಳಕೆದಾರರಿಗೂ ಸಾಮಾನ್ಯವಾದ ಪ್ರೋಗ್ರಾಂಡೇಟಾ ಫೋಲ್ಡರಿನ ಒಳಗೆ ಹೊಸ ಫೋಲ್ಡರ್ ಮಾಡಿ ಅಲ್ಲಿಗೆ ಸಾಗಿಸಿ. ಅದರ ಪ್ರಾಪರ್ಟೀಸ್, ಸೆಕ್ಯುರಿಟಿ, ಎಡಿಟ್‌ಗೆ ಹೋಗಿ ‘ಯೂಸರ್ಸ್’ ಗುಂಪಿಗೆ ‘ಮಾಡಿಫೈ’ ಕೊಡಿ. ‘ಫುಲ್ ಕಂಟ್ರೋಲ್’ ಬೇಡ. ಮಾಡಿಫೈ ಕೊಡದೆ ಬಿಟ್ಟರೂ ಆಗದು: ಪ್ರೋಗ್ರಾಂಡೇಟಾದಲ್ಲಿ ಒಬ್ಬ ಸೃಷ್ಟಿಸಿದ ಫೈಲನ್ನು ಇನ್ನೊಬ್ಬ ಓದಬಲ್ಲ, ತಿದ್ದಲಾರ. ಜಾಗ ಬದಲಿಸಲು ಬಾರದಿದ್ದರೆ ಡೇಟಾ ಇರುವ ಒಳಫೋಲ್ಡರಿಗೆ ಮಾತ್ರ ಅದೇ ಅನುಮತಿ ಕೊಡಿ.

ಇಷ್ಟಾದ ಮೇಲೂ ಹಳೆಯ ಲೆಕ್ಕವೇ ಕಾಣುತ್ತಿದೆ ಎಂಬ ದೂರು ಬರುವುದುಂಟು, ಡೇಟಾ ಇದ್ದ ಜಾಗದಲ್ಲೇ ಉಳಿದಾಗ. ವರ್ಚುವಲ್ ಸ್ಟೋರಿನಲ್ಲಿ ಪ್ರತಿ ಇರುವ ತನಕ ತಂತ್ರಾಂಶಕ್ಕೆ ಸಿಗುವುದು ಅದೇ. ಪ್ರತಿಯೊಬ್ಬರ ಪ್ರತಿಯನ್ನೂ ಮೊದಲು ಬೇರೆಡೆ ಉಳಿಸಿಕೊಂಡು, ಅದರಲ್ಲಿರುವ ನಮೂದುಗಳನ್ನು ಮುಖ್ಯ ಡೇಟಾಬೇಸಿಗೆ ಸೇರಿಸಿ, ಆಮೇಲೆ ಅಲ್ಲಿಂದ ತೆಗೆಯಿರಿ. ಸೇರಿಸದೆ ಅಳಿಸಿದರೆ ತಿಂಗಳುಗಟ್ಟಲೆ ದುಡಿದದ್ದು ನೀರಿನಲ್ಲಿ ಹೋಮ.

‘ಇಷ್ಟೆಲ್ಲ ಯಾಕೆ, ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ಟರಾಯಿತಲ್ಲ’ ಎನ್ನುವವರಿಗೆ ಒಂದು ಮಾತು. ಸ್ಟ್ಯಾಂಡರ್ಡ್ ಅಕೌಂಟಿನಿಂದ ಹಾಗೆ ತೆರೆದಾಗ ತಂತ್ರಾಂಶ ಓಡುವುದು ಅಡ್ಮಿನ್ ಹೆಸರಿನಲ್ಲಿ. ಉಳಿಸಿದ ಫೈಲ್ ಅಡ್ಮಿನ್‌ನ ಡಾಕ್ಯುಮೆಂಟ್ಸ್‌ಗೆ ಹೋಗಿ ಕೂರುತ್ತದೆ, ನಿಮ್ಮ ನೆಟ್‌ವರ್ಕ್ ಡ್ರೈವ್ ಅದಕ್ಕೆ ಕಾಣುವುದಿಲ್ಲ. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇನ್ನೊಂದು ಪೆಟ್ಟು: ಸಾಮಾನ್ಯ ಹಕ್ಕಿನಲ್ಲಿ ಓಡುವ ಪ್ರತ್ಯೇಕ ಕೀಲಿಮಣೆ ತಂತ್ರಾಂಶಗಳು ಅಡ್ಮಿನ್ ಹಕ್ಕಿನ ಕಿಟಕಿಯೊಳಗೆ ಅಕ್ಷರ ಕಳಿಸಲಾರವು. ವಿಂಡೋಸ್ ಬೇಕೆಂದೇ ಅದನ್ನು ತಡೆಯುತ್ತದೆ. ಕನ್ನಡ ಒತ್ತಿದರೆ ಇಂಗ್ಲಿಷ್ ಬೀಳುತ್ತಿದ್ದರೆ ಕೀಲಿಮಣೆಯನ್ನು ಬೈಯುವ ಮೊದಲು ಇದನ್ನು ನೋಡಿ.

ಫಾಂಟ್ ವಿಷಯವೂ ಹೀಗೆಯೇ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಸಾಮಾನ್ಯ ಬಳಕೆದಾರನೂ ಫಾಂಟ್ ಹಾಕಿಕೊಳ್ಳಬಹುದು, ಆದರೆ ಅದು ಅವನೊಬ್ಬನಿಗೇ. ಒಬ್ಬರು ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಬರೆದ ಕಡತ ಇನ್ನೊಬ್ಬರ ಲಾಗಿನ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ, ಫಾಂಟ್ ಮೇಲೆ ಬಲ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ. ಇದಕ್ಕೆ ಪ್ರಾಸೆಸ್ ಮಾನಿಟರ್ ಬೇಕಾಗಿಲ್ಲ.

ಸಾಧನದ ಕೊರತೆಗಳನ್ನೂ ಹೇಳಬೇಕು. ‘ನೀನು ಅಡ್ಮಿನ್ನಾ?’ ಎಂದು ಕೇಳಿ, ಅಲ್ಲವೆಂದರೆ ಮುಚ್ಚಿಕೊಳ್ಳುವ ತಂತ್ರಾಂಶದ ಮುಂದೆ ಇದು ಮೂಕ, ಏಕೆಂದರೆ ಅಲ್ಲಿ ಯಾವ ಫೈಲಿಗೂ ತಡೆ ಬಿದ್ದಿರುವುದಿಲ್ಲ. ಬರೆಯುವ ಕೆಲಸವನ್ನು ಹಿನ್ನೆಲೆಯ ಸರ್ವೀಸ್ ಮಾಡುತ್ತಿದ್ದರೆ ಅದರ ಹೆಸರನ್ನೂ ಫಿಲ್ಟರಿಗೆ ಸೇರಿಸದೆ ಏನೂ ಕಾಣದು. ಸೆರೆಹಿಡಿಯುವುದನ್ನು ನಿಲ್ಲಿಸದೆ ಊಟಕ್ಕೆ ಹೋದರೆ ಮೆಮೊರಿ ನುಂಗಿಬಿಡುತ್ತದೆ. ಕಡಿಮೆ ರ‍್ಯಾಮ್ ಇರುವ ಯಂತ್ರದಲ್ಲಿ ‘ಫಿಲ್ಟರ್’ ಮೆನುವಿನ ‘ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್’ ಆರಿಸಿಕೊಳ್ಳುವುದು ಒಳ್ಳೆಯದು, ಆದರೆ ಹಾಗೆ ಬಿಟ್ಟುಹೋದ ಸಾಲುಗಳು ಮತ್ತೆ ಸಿಗುವುದಿಲ್ಲ.

ಸೆರೆಹಿಡಿದದ್ದನ್ನು ತಂತ್ರಾಂಶ ಮಾರಿದವರಿಗೆ ಕಳಿಸುವುದಾದರೆ ಉಳಿಸುವಾಗ ‘ಆಲ್ ಈವೆಂಟ್ಸ್’ ಬಿಟ್ಟು, ಫಿಲ್ಟರಿನಲ್ಲಿ ಕಾಣುವಷ್ಟನ್ನು ಮಾತ್ರ ಆರಿಸಿ. ಇಲ್ಲದಿದ್ದರೆ ಅಷ್ಟು ಹೊತ್ತು ಆ ಕಂಪ್ಯೂಟರಿನಲ್ಲಿ ಯಾರು ಯಾವ ಕಡತ ತೆರೆದಿದ್ದರು ಎಂಬ ಹೆಸರುಗಳೆಲ್ಲ ಅದರ ಜೊತೆ ಹೋಗುತ್ತವೆ.